ಚೌಕಾಬಾರದಲ್ಲಿ ಸಿಕ್ಕ ಸೀಟು

"ಅಯ್ಯೋ, ಕಟ್ಟೇಲಿರೋ ಕಾಯಿನ ಹೊಡೀಬಾರ್ದು ಕಣ್ರಪ್ಪಾ!" ಚಾಮರಾಜಪೇಟೆಯ ಪುಟ್ಟ ಕಾಲೇಜಿನ ಲ್ಯಾಬಿನಲ್ಲಿ ನಮ್ಮತ್ತೆ ಕೂಗಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. ವಿದ್ಯಾರ್ಥಿಗಳು ತಾವೇ ಕಂಪ್ಯೂಟರಿನಲ್ಲಿ ಮಾಡಿದ್ದ ಚೌಕಾಬಾರ ಆಟವನ್ನು ಅವರಿಗೆ ತೋರಿಸುತ್ತಿದ್ದರು. ಕಟ್ಟೆಮನೆಯಲ್ಲಿ ಕ್ಷೇಮವಾಗಿರಬೇಕಾದ ಕಾಯಿಯನ್ನೂ ಆ ಆಟ ಹೊಡೆದುಹಾಕಿತ್ತು.

ಮಗಳು ಸಿಂಚನಾಗೆ ಕಂಪ್ಯೂಟರ್ ಸೈನ್ಸ್ ಸೀಟು ಎರಡು ಕಡೆ ಸಿಗುತ್ತಿತ್ತು. ಹೆಸರಾಂತ ಕಾಲೇಜಿಗೆ ಸೇರಿಸಿದರೆ ಮನೆ ಮೇಲೆ ಸಾಲ ಮಾಡಬೇಕು. ಇಲ್ಲಿ ಫೀಸು ತೀರಾ ಕಡಿಮೆ, ಆದರೆ ಹೆಸರು ಯಾರೂ ಕೇಳಿಲ್ಲ. ನನ್ನ ಮನಸ್ಸು ಹೆಸರಿನ ಕಡೆಗೇ ವಾಲಿತ್ತು. "ನೋಡ್ಕೊಂಡಾದ್ರೂ ಬರೋಣ ಬಾಮ್ಮಾ" ಎಂದು ಅತ್ತೆಯೇ ಹೊರಡಿಸಿದ್ದರು.

ಅಲ್ಲಿದ್ದ ಮೇಡಂ ನಗುತ್ತಾ, "ಅಜ್ಜಿ ಹೇಳಿದ್ದು ಸರಿ. ನೀನೇ ತಿದ್ದುತ್ತೀಯೇನಮ್ಮಾ?" ಎಂದು ಸಿಂಚನಾಗೆ ಕುರ್ಚಿ ಎಳೆದುಕೊಟ್ಟರು. ಪಿಯುಸಿಯಲ್ಲಿ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿದ್ದವಳು ಹಿಂಜರಿಯುತ್ತಲೇ ಕುಳಿತಳು. ಆಟ ಮಾಡಿದ್ದ ಹುಡುಗಿಯರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಊಟದ ಹೊತ್ತು ಮೀರಿದರೂ ಇವಳು ಏಳಲಿಲ್ಲ. ಕೊನೆಗೆ ಆಟ ಸರಿಯಾಗಿ ನಡೆದಾಗ ಇಡೀ ಲ್ಯಾಬೇ ಚಪ್ಪಾಳೆ ತಟ್ಟಿತು.

"ಅಮ್ಮಾ, ನಾನು ಇಲ್ಲೇ ಓದ್ತೀನಿ" ಎಂದಳು. ಅವಳ ಮುಖ ನೋಡಿದವಳೇ ನಾನು ಮೇಡಂ ಹತ್ತಿರ ಅರ್ಜಿ ಕೇಳಿದೆ.

ಈಗ ನೆಂಟರು "ಅಂಥದ್ದೊಂದು ಕಾಲೇಜಿದ್ಯಾ?" ಎಂದು ಹುಬ್ಬೇರಿಸಿದರೆ ನನಗೆ ಮುಜುಗರವಿಲ್ಲ. "ಇದೆ, ಬನ್ನಿ ತೋರಿಸ್ತೀನಿ" ಅನ್ನುತ್ತೇನೆ.