ಹಾಲು ಬಿಟ್ಟ ಪುಟ್ಟಬಸಪ್ಪ

ನಮ್ಮ ಕೊಳ್ಳೇಗಾಲದಲ್ಲಿ ಕುಡುಕನಿಗೆ ಕ್ಷಮೆ ಇದೆ. ಎರಡು ಸಂಸಾರ ಮಾಡಿದವನಿಗೂ ಇದೆ, ಮದುವೆ ಮನೆಯಲ್ಲಿ ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತಾರೆ. ಆದರೆ ಒಬ್ಬ ಮನುಷ್ಯ ಹೋಟೆಲಿಗೆ ಹೋಗಿ ಹಾಲು ಬೇಡ, ತುಪ್ಪ ಬೇಡ, ಮೊಸರು ಬೇಡ ಎಂದರೆ ಅವನನ್ನು ಸುಮ್ಮನೆ ಬಿಡುವುದಿಲ್ಲ. ಪುಟ್ಟಬಸಪ್ಪನವರನ್ನೂ ಬಿಡಲಿಲ್ಲ. ನನ್ನ ರೇಷ್ಮೆ ನೂಲಿನ ಅಂಗಡಿಯ ಪಕ್ಕದಲ್ಲೇ ಅವರ ಹಿಂಡಿ ಬೂಸಾದ ಅಂಗಡಿ ಇತ್ತು. ಆದದ್ದೆಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಯಾರ ಮುಖ ನೋಡಿಯೂ ಮಾತನ್ನು ಮೆತ್ತಗೆ ಮಾಡುವ ಆಸೆ ನನಗಿಲ್ಲ.

ಪುಟ್ಟಬಸಪ್ಪ ಮಾಂಬಳ್ಳಿಯವರು. ಎದೆಯ ಮೇಲೆ ಲಿಂಗ, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಹೆಂಡತಿ ತೀರಿಕೊಂಡಿದ್ದರು, ಮಗಳು ಕೋಮಲ ಒಬ್ಬಳೇ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರಿಂದ ತಿಂಡಿ, ಮಧ್ಯಾಹ್ನದ ಊಟ ಎರಡೂ ಹೋಟೆಲಿನಲ್ಲಿ. ಮಾಂಸ ಅವರ ವಂಶದಲ್ಲೇ ಯಾರೂ ಮುಟ್ಟಿದವರಲ್ಲ. ಹಾಲು ಮಾತ್ರ ಯಥೇಚ್ಛ. ಒಂದು ಕಾಲದಲ್ಲಿ ದೋಸೆಗೆ ಎರಡು ಸಲ ತುಪ್ಪ ಹಾಕಿಸಿಕೊಳ್ಳುತ್ತಿದ್ದವರು ಅವರು.

ಬಿಟ್ಟದ್ದು ಯಾಕೆ ಅಂತ ನನಗೆ ಒಂದೇ ಸಲ ಹೇಳಿದ್ದರು. ಅವರ ಮನೆಯ ಸೀಮೆಹಸು ಗಂಡುಕರು ಹಾಕಿತು. ಗಂಡುಕರು ಯಾರಿಗೆ ಬೇಕು, ಅದಕ್ಕೆ ಕುಡಿಸಿದ ಹಾಲು ದಂಡ ಅನ್ನುವ ಲೆಕ್ಕಾಚಾರ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಅದನ್ನು ದೂರ ಕಟ್ಟಿದರು. ಕೂಗಿ ಕೂಗಿ ಅದು ಸತ್ತಿತು. ಕರು ಇಲ್ಲದೆ ಹಸು ಹಾಲು ಸೊರಬಿಡದೆ ನಿಂತಾಗ, ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಮುಂದೆ ನಿಲ್ಲಿಸಿದರು. ಹಸು ಆ ಹುಲ್ಲಿನ ಗೊಂಬೆಯನ್ನು ನೆಕ್ಕುತ್ತಾ ನಿಂತಿತು, ಇವರು ಕೆಳಗೆ ಕೂತು ಕರೆದುಕೊಂಡರು.

"ಬಾಲದ ತಾವ ಒಲಿಗೆ ಬಿಚ್ಚಿ ಉಲ್ಲು ಈಚೆ ಬಂದಿತ್ತು," ಅಂದರು. "ಅದು ಆ ಉಲ್ಲನ್ನೂ ತಿನ್ನದೆ ನೆಕ್ತಾ ಇತ್ತು ಕಣ್ರಿ. ಅವತ್ತಿಂದ ಗಂಟ್ಲಲ್ಲಿ ಇಳಿಯಕಿಲ್ಲ."

ಅಷ್ಟೇ. ಯಾರಿಗೂ ಬೋಧನೆ ಮಾಡಲಿಲ್ಲ. ನಾನು ಅವರ ಎದುರಿಗೇ ಕಾಫಿ ಕುಡಿಯುತ್ತಿದ್ದೆ, ಈಗಲೂ ಕುಡಿಯುತ್ತೇನೆ. ಅವರ ತಟ್ಟೆಯಲ್ಲಿ ಏನಿರಬಾರದು ಅನ್ನುವುದಷ್ಟೇ ಅವರ ಹಟ. ನನ್ನ ಅಣ್ಣನ ಮಗ ಚರಣ್ ಫೋನಿನಲ್ಲಿ ನೋಡಿ, ಇಂಥವರಿಗೆ ವೀಗನ್ ಅನ್ನುತ್ತಾರೆ, ಬೆಂಗಳೂರಲ್ಲಿ ಇಂಥವರಿಗೇ ಬೇರೆ ಹೋಟೆಲುಗಳಿವೆ ಎಂದ. ಪುಟ್ಟಬಸಪ್ಪ ನಕ್ಕು, "ನಂಗೆ ಇಲ್ಲೇ ಎರಡು ಇಡ್ಲಿ ಸಿಕ್ಕುದ್ರೆ ಸಾಕು ಕಣಪ್ಪ," ಅಂದರು.

ಆ ಎರಡು ಇಡ್ಲಿ ಸಿಕ್ಕುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಮಹದೇವಯ್ಯನ ಹೋಟೆಲಿನಲ್ಲಿ. ಮಹದೇವಯ್ಯನೂ ಇವರ ಜನವೇ, ದೂರದ ನೆಂಟ. ದಪ್ಪ ಮೀಸೆ, ಅದಕ್ಕಿಂತ ದಪ್ಪ ಅಹಂಕಾರ. ತನ್ನ ಹೋಟೆಲಿನ ತುಪ್ಪದ ಮೇಲೆ ಅವನಿಗೆ ಹೆತ್ತ ಮಕ್ಕಳ ಮೇಲಿರುವಷ್ಟು ಹೆಮ್ಮೆ. ಖಾರಾಬಾತಿಗೆ ತುಪ್ಪ, ಪೊಂಗಲಿಗೆ ತುಪ್ಪ, ಕೇಸರಿಬಾತು ಕೈಯಲ್ಲಿ ಹಿಡಿದರೆ ಮೊಣಕೈಗೆ ಇಳಿಯುವ ತುಪ್ಪ. ಬೇಕಾದವರು ಬಂದರೆ ಗಲ್ಲಾಪೆಟ್ಟಿಗೆಯಿಂದ ತಾನೇ ಎದ್ದು ಬಂದು ಇಡ್ಲಿಯ ಮೇಲೆ ಒಂದು ಚಮಚ ಸುರಿಯುತ್ತಿದ್ದ. ಅದು ಅವನು ಕೊಡುವ ಮರ್ಯಾದೆ. ಪುಟ್ಟಬಸಪ್ಪ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಾಗ ಅವನು ಅದನ್ನು ಕೆನ್ನೆಗೆ ಹೊಡೆದಂತೆ ತೆಗೆದುಕೊಂಡ.

"ಯಾಕ್ಲಾ ಬಸಪ್ಪ, ನನ್ ತುಪ್ಪುಕ್ಕೆ ಡಾಲ್ಡಾ ಬೆರ್‍ಸಿದ್ದೀನಿ ಅಂತ್ಲಾ?"

"ಇಲ್ಲ ಕಣ್ ಮಾದೇವಣ್ಣ. ಬಿಟ್ಟಿವ್ನಿ."

"ಬಿಡಕೆ ಅದೇನ್ ಬೀಡೀನಾ?"

ಹೋಟೆಲೆಲ್ಲ ನಕ್ಕಿತು. ಅಲ್ಲಿಂದ ಮುಂದೆ ಅದು ದಿನದ ತಿಂಡಿಯಾಯಿತು. ಇವರು ಒಳಗೆ ಬಂದರೆ ಮಾಣಿ ಅಂಬಾ ಎಂದು ಕೂಗುವನು. ಹಾಲಿಲ್ಲದ ಟೀ ಕೇಳಿದರೆ ಪಾತ್ರೆ ತೊಳೆದ ನೀರಿನ ಬಣ್ಣದ್ದೇನೋ ಬರುವುದು. ಪುಟ್ಟಬಸಪ್ಪ ಬೇಸರ ಮಾಡಿಕೊಳ್ಳದೆ ಎರಡು ಇಡ್ಲಿ, ಕಾಯಿ ಚಟ್ನಿ ತಿಂದು ಕೈ ತೊಳೆದು ಬರುತ್ತಿದ್ದರು. ನಗುವವರ ಮುಂದೆ ಹಲ್ಲು ಕಡಿಯುತ್ತಿದ್ದವನು ನಾನೇ.

ಒಂದು ಸೋಮವಾರ ಬೆಳಿಗ್ಗೆ ಹೋಟೆಲ್ ತುಂಬಿತ್ತು. ಪುಟ್ಟಬಸಪ್ಪ ಕೊನೆಯ ತುತ್ತು ಬಾಯಿಗಿಟ್ಟಾಗ ಮಹದೇವಯ್ಯ ಗಲ್ಲಾಪೆಟ್ಟಿಗೆಯಿಂದಲೇ ಕೇಳಿದ.

"ಚಟ್ನಿ ಎಂಗದೆ ಬಸಪ್ಪ?"

"ಚೆನ್ನಾಗದೆ."

"ಚೆನ್ನಾಗಿರ್ದೆ ಇದ್ದದಾ. ಒಂದ್ ಸೌಟು ಗಟ್ಟಿ ಹಾಲ್ ಉಯ್ಸಿವ್ನಿ. ಕಾಯೂ ಬೆಳ್ಳಗದೆ, ಹಾಲೂ ಬೆಳ್ಳಗದೆ, ನಿಂಗೆಲ್ಲಿ ತಿಳೀತದೆ."

ಪುಟ್ಟಬಸಪ್ಪ ಅವನನ್ನೇ ನೋಡಿದರು. "ಇವತ್ತಾ?" ಅಂದರು.

"ಯುಗಾದಿಯಿಂದ."

ಆಗ ಗಣಪತಿ ಹಬ್ಬ ಹತ್ತಿರವಿತ್ತು. ನಗು ಎದ್ದಿತು, ಟೇಬಲ್ ಬಡಿದು ನಕ್ಕವರಿದ್ದರು. ಪುಟ್ಟಬಸಪ್ಪ ಎದ್ದು ಹೊರಗೆ ಬಂದು ಚರಂಡಿಯ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡರು. ಆ ಶಬ್ದ ಒಳಗೂ ಕೇಳುತ್ತಿತ್ತು, ಆದರೂ ನಗು ನಿಲ್ಲಲಿಲ್ಲ. ಯಾರೋ ಕಿಚಾಯಿಸಿದರು, ಕದ್ದು ಕುಡಿಸಿದ್ದು ಲೆಕ್ಕಕ್ಕಿಲ್ಲ ಮಾದೇವಣ್ಣ ಅಂತ. ಮಹದೇವಯ್ಯ ಮೀಸೆಯ ಮೇಲೆ ಕೈ ಇಟ್ಟ.

"ಕಣ್ ಬುಟ್ಕಂಡಿರುವಾಗ್ಲೇ, ಜನದ್ ಮುಂದೆ, ನನ್ ಓಟ್ಲು ಹಾಲ್ನೇ ಅವನ್ಗೆ ಕುಡುಸ್ತೀನಿ. ಇಲ್ದೆ ಇದ್ರೆ ಅರ್ಧ ಮೀಸೆ ಬೋಳುಸ್ಕತೀನಿ ನೋಡ್ರುಲಾ."

ಪುಟ್ಟಬಸಪ್ಪ ಆ ಹೋಟೆಲಿನ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಬೇರೆ ಕಡೆ ಹುಡುಕಿದರು. ಒಂದು ಕಡೆ ಪಲ್ಯಕ್ಕೆ ಬೆಣ್ಣೆ, ಇನ್ನೊಂದು ಕಡೆ ಸಾರಿಗೆ ತುಪ್ಪದ ಒಗ್ಗರಣೆ. ಬೂಸಾ ಲೋಡಿನ ಜೊತೆ ಯಳಂದೂರಿಗೆ ಹೋದಾಗ ಅಲ್ಲಿಯ ಮೆಸ್ಸಿನವನು ಅನ್ನಕ್ಕೆ ಮಜ್ಜಿಗೆ ಸುರಿದೇಬಿಟ್ಟ, ಬೇಡ ಅಂದದ್ದಕ್ಕೆ ಸಕ್ಕರೆ ಕಾಯಿಲೆಯಾ ಎಂದು ಕನಿಕರಪಟ್ಟ. ಹನೂರಿನಲ್ಲಿ ಒಬ್ಬ, ಹಾಗಾದರೆ ಮನೆಯಲ್ಲೇ ಉಣ್ಣಿ ಸಾ ಎಂದ. ಸಸ್ಯಾಹಾರಿ ಎಂದು ಹಸಿರು ಬೋರ್ಡು ಹಾಕಿದ ಒಂದು ಜಾಗದಲ್ಲೂ ಅವರಿಗೆ ನೆಮ್ಮದಿಯ ತುತ್ತು ಹುಟ್ಟಲಿಲ್ಲ. ಕೆಲವು ದಿನ ಬಾಳೆಹಣ್ಣು, ಕಡಲೆಕಾಯಿ ತಿಂದು ಕಳೆದರು. ಬುತ್ತಿ ಕಟ್ಟಿಕೊಡು ಎಂದು ಮಗಳನ್ನು ಕೇಳಬಹುದಿತ್ತು. ಆದರೆ ಅಪ್ಪನ ಹಟಕ್ಕೆ ಮನೆಯಲ್ಲಿ ಎರಡು ಅಡಿಗೆ ಮಾಡಿ ಕೋಮಲ ಆಗಲೇ ಬೇಸತ್ತಿದ್ದಳು.

ಕೊನೆಗೆ ಅವರಿಗೆ ಅನ್ನ ಸಿಕ್ಕಿದ್ದು ರತ್ನಮ್ಮನ ಮಿಲ್ಟ್ರಿ ಹೋಟೆಲಿನಲ್ಲಿ. ಕುರಿ, ಕೋಳಿ ಬೇಯುವ ಜಾಗ. ಆದರೆ ಕೆಲಸದವರಿಗೆಂದು ಒಳಗೆ ಬೇರೆ ಒಲೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಉಪ್ಪೆಸರು ಮಾಡುತ್ತಿದ್ದರು. ಅದಕ್ಕೆ ಹಾಲಿಲ್ಲ, ತುಪ್ಪವಿಲ್ಲ. ಬೂಸಾ ಕೊಳ್ಳಲು ಬಂದಿದ್ದ ರತ್ನಮ್ಮನೇ ಇವರು ಕಡಲೆಕಾಯಿ ಬಿಡಿಸುವುದನ್ನು ನೋಡಿ ಕರೆದದ್ದು.

"ಸೌಟು ಬ್ಯಾರೆ, ಮಡಕೆ ಬ್ಯಾರೆ. ಇಂದ್ಲು ಬಾಗ್ಲಲ್ಲಿ ಬನ್ನಿ ಸಾ, ಎಲೆ ಹಾಕುಸ್ತೀನಿ."

"ಹಾಲು ತುಪ್ಪ ಏನೂ..."

"ಬ್ಯಾಡ ಅಂದ್ರೆ ಬ್ಯಾಡ. ಅದ್ಕೇನ್ ಪುರಾಣ."

ಹಿತ್ತಲಿನ ಬಾಗಿಲ ಪಕ್ಕ ಕೂತು ಪುಟ್ಟಬಸಪ್ಪ ಹೊಟ್ಟೆ ತುಂಬ ಉಂಡು ಬಂದರು. ಅವತ್ತು ಅವರ ಮುಖ ನೋಡಿ ನನಗೂ ಸಂತೋಷವಾಯಿತು. ಆ ಸಂತೋಷ ಎಷ್ಟು ದಿನ ಉಳಿದೀತು ಅಂತ ಮಾತ್ರ ಅನುಮಾನವಿತ್ತು.

ಕೋಮಲಳಿಗೆ ಅಜ್ಜೀಪುರದ ಕಡೆಯಿಂದ ಒಳ್ಳೆ ಸಂಬಂಧ ಕೂಡಿಬಂದಿತ್ತು. ಹುಡುಗನ ಸೋದರಮಾವ ಕೊಳ್ಳೇಗಾಲಕ್ಕೆ ಬಂದವನು ಮಹದೇವಯ್ಯನ ಹೋಟೆಲಿನಲ್ಲಿ ಕಾಫಿಗೆ ಕೂತ. ಮಹದೇವಯ್ಯ ತಾನೇ ಅವನನ್ನು ಕರೆದುಕೊಂಡು ಹೋಗಿ, ಹಿಂದಿನ ಬೀದಿಯಲ್ಲಿ ನಿಲ್ಲಿಸಿ, ಹುಡುಗಿಯ ಅಪ್ಪ ಮಿಲ್ಟ್ರಿ ಹೋಟೆಲಿನ ಹಿಂಬಾಗಿಲಿನಿಂದ ಕೈ ಒರೆಸಿಕೊಳ್ಳುತ್ತಾ ಬರುವುದನ್ನು ತೋರಿಸಿದ. ಸಂಬಂಧ ಅವತ್ತೇ ಫೋನಿನಲ್ಲಿ ಮುರಿಯಿತು. ಹಾಲನ್ನೂ ಬಿಟ್ಟ ಮನುಷ್ಯ ಮಾಂಸ ತಿನ್ನುತ್ತಾನೆಯೇ ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಹಾಲು ಬಿಟ್ಟವನು ಏನನ್ನು ತಾನೇ ಬಿಟ್ಟಾನು ಅಂದರು. ಹಾಲು ನಮ್ಮವರ ಗುರುತು, ಅದು ಹೋದ ಮೇಲೆ ಆ ಮನುಷ್ಯ ಎತ್ತ ಬೇಕಾದರೂ ಹೋದಾನು ಎಂಬುದು ಅವರ ತರ್ಕ.

ಹಿರಿಯರು ಮಧ್ಯೆ ಬಂದು ದಾರಿ ಹೇಳಿದರು. ಗಂಡಿನ ಕಡೆಯವರ ಎದುರಿಗೆ ಒಂದು ಲೋಟ ಹಾಲು ಕುಡಿದುಬಿಡಲಿ, ಎಲ್ಲ ಮರೆಯೋಣ ಅಂತ. ಮಾಂಬಳ್ಳಿಯ ಮನೆಯ ನಡುವೆ ಜಮಖಾನೆ ಹಾಸಿದರು. ಹಾಲು ತಂದವನು ಮಹದೇವಯ್ಯ, ತನ್ನ ಹೋಟೆಲಿನ ತಂಬಿಗೆಯಲ್ಲಿ, ಕೆನೆ ಸಮೇತ. ಪುಟ್ಟಬಸಪ್ಪ ಲೋಟವನ್ನು ಕೈಗೆ ತೆಗೆದುಕೊಂಡರು. ತುಟಿಯವರೆಗೆ ಒಯ್ದರು. ಲೋಟ ಕೆಳಗಿಟ್ಟು ತಲೆ ತಗ್ಗಿಸಿ ಕೂತರು. ಬಂದವರು ಎದ್ದು ಚಪ್ಪಲಿ ಮೆಟ್ಟಿದರು. ಮಹದೇವಯ್ಯನ ಮೀಸೆಯನ್ನು ನೋಡಿ ಒಬ್ಬಿಬ್ಬರು ಕೆಮ್ಮಿದರು, ಅವನ ಮುಖ ಕಪ್ಪಿಟ್ಟಿತು.

ಎಲ್ಲರೂ ಹೋದ ಮೇಲೆ ಕೋಮಲ ಅಪ್ಪನ ಎದುರಿಗೆ ಬಂದು ನಿಂತಳಂತೆ.

"ಒಂದ್ ಲೋಟ ಹಾಲ್ ಕಣಪ್ಪ. ಆ ಸತ್ತ ಕರ ನನ್ಗಿಂತ ಎಚ್ಚಾಯ್ತಾ?"

"ತಪ್ಪಾಯ್ತು ಕಣವ್ವ. ಆಗ್ಲಿಲ್ಲ," ಅಂದರಂತೆ ಇವರು. ಆಮೇಲೆ ಇನ್ನೊಂದು ಮಾತು ಹೇಳಿದರಂತೆ. "ನಾನ್ ಸಾಯೋವಾಗ ಬಾಯ್ಗೆ ಹಾಲ್ ಬುಡಬ್ಯಾಡ. ನೀರ್ ಬುಡು. ಇದೊಂದ್ ನಡಸ್ಕೊಡು."

ಮರುದಿನ ಅಂಗಡಿಯಲ್ಲಿ ಅವರೇ ನನಗೆ ಇದನ್ನು ಹೇಳಿದರು. ಮಗಳು ಏನಂದಳು ಎಂದು ಕೇಳಿದೆ. "ಒಳೀಕ್ ಹೊಂಟೋದ್ಲು," ಅಂದರು. ನೀವಾದರೂ ನೆನಪಿಟ್ಟುಕೊಳ್ಳಿ ಎಂದರು. ನಾನು ಆಗಲಿ ಎಂದೆ.

ಮುಂದಿನ ಬೇಸಿಗೆಯಲ್ಲಿ ಬೂಸಾ ಮೂಟೆಯ ಮೇಲೆ ಕೂತಿದ್ದ ಹಾಗೇ ಪಕ್ಕಕ್ಕೆ ವಾಲಿದರು. ಲಕ್ವ ಹೊಡೆದಿತ್ತು. ಮೈಸೂರಿನ ಆಸ್ಪತ್ರೆಯಿಂದ ವಾಪಸ್ಸು ಕಳಿಸುವ ಹೊತ್ತಿಗೆ ಮಾತು ಪೂರ್ತಿ ನಿಂತಿತ್ತು. ಕಣ್ಣು ಮಾತ್ರ ಬಿಟ್ಟುಕೊಂಡಿರುತ್ತಿದ್ದರು, ಎಲ್ಲ ತಿಳಿಯುತ್ತಿತ್ತು. ಕೋಮಲ ಗಂಜಿ ಕುಡಿಸುತ್ತಿದ್ದಳು, ಮೈ ಒರೆಸುತ್ತಿದ್ದಳು. ಸೇವೆಯಲ್ಲಿ ಕಡಿಮೆ ಮಾಡಿದಳು ಎಂದು ನಾನು ಹೇಳಲಾರೆ. ಆದರೆ ಅಪ್ಪನ ಜೊತೆ ಮಾತನಾಡಿದ್ದನ್ನು ನಾನು ಕೇಳಲಿಲ್ಲ.

ಅಷ್ಟರಲ್ಲಿ ಯಳಂದೂರಿನಿಂದ ಹೊಸ ಸಂಬಂಧದ ಮಾತು ಬಂದಿತ್ತು. ಹುಡುಗ ಸತೀಶ್, ಅವನ ತಾಯಿ ಪುಟ್ಟಮಲ್ಲಮ್ಮ. ಪುಟ್ಟಬಸಪ್ಪನವರಿಗೆ ಉಸಿರು ಮೇಲೆ ಕೆಳಗೆ ಆಗತೊಡಗಿದ ಬೆಳಿಗ್ಗೆ ಆಕೆಯೂ ನೋಡಲು ಬಂದಿದ್ದರು. ಮನೆ ತುಂಬ ಜನ. ಜಂಗಮರು ಬಂದು ತೀರ್ಥ ಕೊಟ್ಟು ಹೋದರು. ಪುಟ್ಟಮಲ್ಲಮ್ಮ ಮಂಚದ ಪಕ್ಕ ಕೂತು ಮನೆಯ ಮೂಲೆ ಮೂಲೆ ನೋಡಿ ಮುಗಿಸಿ ಹೇಳಿದರು.

"ಬಾಯ್ಗೆ ಹಾಲ್ ಬುಡವ್ವ. ಮಗ್ಳು ನೀನು, ನಿನ್ ಕೈಲೇ ಆಗ್ಬೇಕು."

ಹಾಲು ಎಲ್ಲಿ ಎಂದು ಹುಡುಕುವ ಮೊದಲೇ ಮಹದೇವಯ್ಯ ಮುಂದೆ ಬಂದ. ಅದೇ ತಂಬಿಗೆ. ಈ ಸಲ ಅವನ ಮುಖದಲ್ಲಿ ದುಃಖದ ಕಳೆಯೂ ಇತ್ತು, ಆ ಕಳೆಯನ್ನು ಕಂಡು ನನ್ನ ಮೈ ಉರಿಯಿತು.

"ನೀರು ಬಿಡಮ್ಮ ಕೋಮಲ," ಎಂದೆ. "ಅಪ್ಪ ನಿನ್ನ ಕೇಳಿದ್ರು. ನನಗೂ ಹೇಳಿದ್ರು."

ಕೋಮಲ ನನ್ನನ್ನು ನೋಡಿದಳು. ಆಮೇಲೆ ಪುಟ್ಟಮಲ್ಲಮ್ಮನ ಮುಖ ನೋಡಿದಳು. "ನೀರಾ? ಯಾಕೆ, ಈ ಮನೇಲಿ ಹಾಲ್ ಬುಡಕಿಲ್ವಾ?" ಎಂದು ಪುಟ್ಟಮಲ್ಲಮ್ಮ ಹುಬ್ಬು ಗಂಟಿಕ್ಕಿ ಕೇಳಿದರು.

"ಬುಡ್ತೀವಿ ಕಣ್ ಅತ್ತೆ," ಎಂದಳು ಕೋಮಲ. ಇನ್ನೂ ಒಪ್ಪಿಗೆಯಾಗದ ಸಂಬಂಧ, ಆದರೂ ಅತ್ತೆ ಎಂದಳು.

ಪುಟ್ಟಬಸಪ್ಪನವರ ಕಣ್ಣು ತೆರೆದಿತ್ತು. ಚಮಚ ಹತ್ತಿರ ಬಂದಾಗ ಹಲ್ಲು ಕಚ್ಚಿದರು. ಮಾತು, ಕೈಕಾಲು ಎಲ್ಲ ಹೋಗಿದ್ದ ಆ ಮನುಷ್ಯ ಹಲ್ಲು ಕಚ್ಚುವ ಬಲವನ್ನು ಎಲ್ಲಿಂದ ತಂದರೋ ಗೊತ್ತಿಲ್ಲ. ಕೋಮಲ ಎಡಗೈಯಲ್ಲಿ ದವಡೆ ಅಮುಕಿದಳು.

"ಬಾಯಿ ಬುಡಪ್ಪ. ನನ್ ಮಾನ ಇನ್ನೂ ಎಷ್ಟ್ ಕಳೀತೀಯ."

ಬಾಯಿ ತೆರೆಯಿತು. ಸುರಿದಳು. ಹಾಲು ಕಟಬಾಯಿಯಿಂದ ಗಲ್ಲಕ್ಕೆ ಇಳಿಯಿತು. ಅದನ್ನು ಚಮಚದಲ್ಲೇ ಕೆರೆದು ಮತ್ತೆ ಒಳಗೆ ಹಾಕಿ, ತುಟಿಗಳನ್ನು ಬೆರಳಿಂದ ಒತ್ತಿ ಹಿಡಿದಳು. ಅವರು ಮಗಳನ್ನೇ ನೋಡುತ್ತಿದ್ದರು. ಗಂಟಲ ಗುಬಟು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

"ಕುಡುದ್ರು," ಎಂದರು ಪುಟ್ಟಮಲ್ಲಮ್ಮ, ಸಮಾಧಾನದಿಂದ. "ಪುಣ್ಯವಂತ್ರು."

ಉಸಿರು ಹೋದದ್ದು ಆಮೇಲೆ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಗೇಟಿನ ಆಚೆ ರತ್ನಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು, ಅವಳನ್ನು ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಜಗಲಿಯ ಮೇಲೆ ಮಹದೇವಯ್ಯ ಖಾಲಿ ತಂಬಿಗೆಯನ್ನು ಬೋರಲು ಹಾಕಿ, ಹೋಟೆಲಿನ ಗೆಳೆಯರ ಜೊತೆ ಕೂತಿದ್ದ. ಮೀಸೆಯ ಎರಡೂ ತುದಿಯನ್ನು ನಿಧಾನವಾಗಿ ಸವರಿಕೊಂಡು, ಸಾವಿನ ಮನೆಗೆ ತಕ್ಕ ತಗ್ಗಿದ ದನಿಯಲ್ಲಿ ಹೇಳಿದ.

"ಕಣ್ ಬುಟ್ಕಂಡೇ ಇದ್ದ. ನೀವೆಲ್ಲ ನೋಡುದ್ರಿ ತಾನೆ?"