ಬಟ್ಟೆಯಡಿಯ ಬೆರಳ ಮಾತು

ಸೆರಂಗೂನಿನ ನಮ್ಮ ಬ್ಲಾಕಿನಲ್ಲಿ ಪಕ್ಕದ ಮನೆಯವರು ಗುಜರಾತಿ ಅಂಕಲ್, ಆಂಟಿ. ಅಂಕಲ್ ಅವರ ಅಜ್ಜ ಹಡಗಿನಲ್ಲಿ ಈ ಪರದೇಶಕ್ಕೆ ಬಂದು ಲವಂಗ, ಕಾಳುಮೆಣಸಿನ ಮಂಡಿ ಇಟ್ಟವರು. ಮೂರನೇ ತಲೆಮಾರಿಗೆ ಮಂಡಿ ಮುಚ್ಚಿತು. ಊರಿನ ಇನ್ನೊಂದು ತುದಿಯ ಬೂನ್ ಲೇಯಲ್ಲಿರುವ ಅವರ ಮಗ ವ್ಯಾಪಾರದ ಹೆಸರೆತ್ತಿದರೆ ಮೂಗು ಮುರಿಯುತ್ತಾನೆ. ಅವರ ಸಮಾಜದ ಹಿರಿಯರು ತಮ್ಮ ಚರಿತ್ರೆಯ ಪುಸ್ತಕ ತರುತ್ತೇವೆಂದಾಗ ಅಂಕಲ್ ಅವರ ನೆನಪುಗಳನ್ನು ಬರೆದುಕೊಡಲು ನಾನೇ ಒಪ್ಪಿಕೊಂಡೆ. ಉಡುಪಿಯವಳಿಗೆ ಈ ಉಸಾಬರಿ ಯಾಕೆ ಎಂದು ಗಂಡ ನಕ್ಕರು. ಆಂಟಿ ಮಾಡುವ ಮೆಂತ್ಯಸೊಪ್ಪಿನ ರೊಟ್ಟಿ, ಆ ಥೇಪ್ಲಾದ ರುಚಿ ಅವರಿಗೇನು ಗೊತ್ತು!

ಒಂದು ಭಾನುವಾರ ಅಂಕಲ್ ಮೇಜಿನ ಮೇಲೆ ಕರವಸ್ತ್ರ ಹಾಸಿ ಅದರಡಿ ನನ್ನ ಕೈ ಹಿಡಿದರು. ಹಿಂದೆ ಮಂಡಿಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಸುತ್ತ ನಿಂತವರಿಗೆ ತಿಳಿಯದಂತೆ, ಬಟ್ಟೆಯಡಿ ಎದುರಿನವನ ಬೆರಳು ಹಿಡಿದೇ ಚೌಕಾಸಿ. ಎಷ್ಟು ಬೆರಳಿಗೆ ಎಷ್ಟು ಬೆಲೆ, ಎಲ್ಲಿ ಒತ್ತಿದರೆ ಒಪ್ಪಿಗೆ, ಎಲ್ಲ ತೋರಿಸಿದರು.

"ಬರ್ಕೋ ಬೇಟಾ. ಇದು ಗೊತ್ತಿರೋನು ಇಲ್ಲಿ ನಾನೊಬ್ನೇ ಉಳಿದಿರೋದು," ಎಂದರು ಹಿಂದಿಯಲ್ಲಿ.

"ನೆಕ್ಸ್ಟ್ ವೀಕ್ ಬರ್ಕೋತೀನಿ ಅಂಕಲ್," ಎಂದೆ.

ಆ ವಾರ ರಾಫೆಲ್ಸ್ ಪ್ಲೇಸಿನ ಆಫೀಸಿನಲ್ಲಿ ಆಡಿಟ್. ಅದರ ಮುಂದಿನ ವಾರ ಇನ್ನೇನೋ. ನಾಳೆ ಎಂದವನ ಮನೆ ಹಾಳು ಎಂದು ಮಗಳಿಗೆ ದಿನವೂ ಹೇಳುವವಳು ನಾನು. ಪುಸ್ತಕದ ಆ ಪುಟ ಖಾಲಿಯೇ ಉಳಿಯಿತು.

ನಾಲ್ಕೇ ತಿಂಗಳಲ್ಲಿ ಅಂಕಲ್‌ಗೆ ಸ್ಟ್ರೋಕ್ ಆಗಿ ಮಾತು ನಿಂತಿತು. ಎಡಗೈಯಲ್ಲಿ ಮಾತ್ರ ಸ್ವಲ್ಪ ಬಲವಿತ್ತು. ಆಸ್ಪತ್ರೆಯಲ್ಲಿ ಪಕ್ಕ ಕೂತಾಗ ನನ್ನ ಕೈಯನ್ನು ಹೊದಿಕೆಯಡಿಗೆ ಎಳೆದುಕೊಂಡರು. ಎರಡು ಬೆರಳು ಹಿಡಿದರು, ಬಿಟ್ಟರು, ಅಂಗೈ ಒತ್ತಿದರು. ನಾನು ಕಣ್ಣು ಕಣ್ಣು ಬಿಟ್ಟೆ. ಮತ್ತೆ ಅದನ್ನೇ ಮಾಡಿದರು, ಮೂರನೇ ಸಲವೂ. ಯಾವ ಬೆರಳಿಗೆ ಏನರ್ಥವೆಂದು ನನಗೆ ಒಂದೂ ನೆನಪಾಗಲಿಲ್ಲ. ಅವರ ಕಣ್ಣಲ್ಲಿ ನೀರು ತುಂಬಿತು. ಕೊನೆಗೆ ಸೋತು ಕೈ ಬಿಟ್ಟರು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಹೊರಗೆ ಆಂಟಿ ಕಾಯುತ್ತಿದ್ದರು. "ಏನಂದ್ರು? ನಿಂಗೊಬ್ಳಿಗೇ ಅರ್ಥ ಆಗೋದು, ಹೇಳು ಬೇಟಾ."

"ಬೇಗ ಮನೆಗೆ ಬರ್ತೀನಿ ಅಂದ್ರು ಆಂಟಿ."

ಆಂಟಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕೇಬಿಟ್ಟರು. ಅಂದು ಸಂಜೆಯೇ ಮನೆಯೆಲ್ಲ ಗುಡಿಸಿ, ಅಂಕಲ್ ಅವರ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದರು.

"ಅವ್ರು ತೋರಿಸ್ದಾಗ್ಲೇ ಫೋನಲ್ಲಿ ವಿಡಿಯೋ ಮಾಡ್ಕೊಂಡಿದ್ರೆ ಆಗ್ತಿತ್ತಲ್ಲ ಅಮ್ಮ, ಸೋ ಈಸಿ ಲಾ," ಎಂದಳು ಮಗಳು. ಅವಳ ಮೇಲೆ ಸುಮ್ಮನೆ ರೇಗಿದೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆರನೇ ದಿನ ಅಂಕಲ್ ಆಸ್ಪತ್ರೆಯಲ್ಲೇ ಹೋದರು. ಮಾತಾಡಿಸಲು ಬಂದವರಿಗೆಲ್ಲ ಆಂಟಿ ನನ್ನನ್ನು ತೋರಿಸಿ, "ಮನೆಗೆ ಬರ್ತೀನಿ ಅಂತ ಇವಳ ಕೈಯಲ್ಲಿ ಹೇಳಿದ್ರು. ಅದೇ ಕೊನೇ ಮಾತು," ಎನ್ನುತ್ತಿದ್ದರು. ಆ ಬೆರಳುಗಳಿಗೆ ಬೆಲೆ ಹೇಳುವುದು, ಒಪ್ಪುವುದು ಬಿಟ್ಟರೆ ಬೇರೇನೂ ಹೇಳಲು ಬರುವುದಿಲ್ಲ. ಮನೆ ಎಂಬ ಮಾತೇ ಆ ಭಾಷೆಯಲ್ಲಿಲ್ಲ. ಅಷ್ಟು ಮಾತ್ರ ನನಗೆ ನೆನಪಿತ್ತು. ಆದರೂ ಪ್ರತಿ ಸಲವೂ ಹೌದೆಂದು ತಲೆಯಾಡಿಸುತ್ತ ನಿಂತೆ.