ಸೋಲಾಪುರದಲ್ಲಿ ನನ್ನನ್ನು ಮಾರಿದ್ದಾರೆಂದುಕೊಂಡ ವರ್ಷ

ಆಗೆಲ್ಲ ಸೋಲಾಪುರದಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿ ಅಲ್ಲ, ಬಟ್ಟೆ ಗಿರಣಿಯ ಸೈರನ್ನು, ಭೋಂಗಾ, ಕೂಗಿ. ಭೋಂಗಾ ಕೂಗಿತೆಂದರೆ ಇಡೀ ಓಣಿ ಎದ್ದು ಕೂರುತ್ತಿತ್ತು. ಸಾಲಿ ಕಲಿಯಲೆಂದು ಯಾರದೋ ಮನೆಯಲ್ಲಿ ಇದ್ದು ಬೆಳೆದವರು ನಿಮ್ಮಲ್ಲೂ ಇದ್ದಾರು. ಇದ್ದರೆ ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಪರರ ಮನೆಯಲ್ಲಿ ಹಸಿವಾದರೆ ಹಸಿವೆ ಎನ್ನಲು ಬಾಯಿ ಬರುವುದಿಲ್ಲ. ಅಳು ಬಂದರೆ ಕಣ್ಣಲ್ಲಿ ಕಸ ಬಿತ್ತು ಅನ್ನಬೇಕಾಗುತ್ತದೆ. ನಾನು ಎಪ್ಪತ್ತರ ದಶಕದ ಒಂದು ಚಳಿಗಾಲವಿಡೀ ಕಣ್ಣಿನ ಕಸವನ್ನೇ ತೆಗೆಯುತ್ತಾ ಕೂತವಳು.

ನಮ್ಮದು ಅಕ್ಕಲಕೋಟ ತಾಲೂಕಿನ ನಾಗಣಸೂರ. ಕುರಿ ಸಾಕುವ ಮನೆತನ, ಬೀರೋಬಾ ಮನೆದೇವರು. ದೀಪಾವಳಿ ಮುಗಿಯಿತೆಂದರೆ ಅಪ್ಪ, ಅವ್ವ ಹಿಂಡು ಹೊಡೆದುಕೊಂಡು ಭೀಮಾ ಹೊಳೆ ದಾಟಿ ಇಂಡಿ ಕಡೆಗೆ ಹೋಗುತ್ತಿದ್ದರು. ಮತ್ತೆ ಊರ ಮುಖ ನೋಡುತ್ತಿದ್ದುದು ಮುಂಗಾರಿಗೆ. ನಾನೂ ಅವರ ಬೆನ್ನು ಹತ್ತಿ ತಿರುಗಿದವಳೇ. ಯಾರದೋ ಹೊಲದಲ್ಲಿ ಕುರಿ ತರುಬಿ, ಮೂರು ಕಲ್ಲು ಹೂಡಿ ಅವ್ವ ಬಡಿದ ಜೋಳದ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ರಾತ್ರಿ ಅವಳ ಕಂಬಳಿಯೊಳಗೆ ನಾನೂ ಒಂದು ಮರಿಯೂ. ಯಾವುದು ಮರಿಯ ವಾಸನೆ, ಯಾವುದು ಅವ್ವನ ವಾಸನೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕುರಿ ಮಾರಿದಾಗ, ಕೊಂಡವನ ಕೈಗೆ ಹಗ್ಗ ಕೊಡುವ ಮೊದಲು ಅದರ ಬೆನ್ನಿನ ಒಂದು ಚಿವುಟು ಉಣ್ಣೆ ಕತ್ತರಿಸಿ ಅವ್ವ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಕುರಿ ಹೋದರೂ ಹಿಂಡಿನ ಲಕ್ಷ್ಮಿ ಹೋಗಬಾರದು ಅಂತ. ಆಮೇಲೆ ಆ ಕುರಿಯ ಕಡೆಗೆ ತಿರುಗಿ ನೋಡುವಂತಿಲ್ಲ. ನೋಡಿದರೆ ಅದು ಹೊಸ ಯಜಮಾನನ ಮನೆಯಲ್ಲಿ ಮೇವು ಮುಟ್ಟುವುದಿಲ್ಲವಂತೆ.

ಅಪ್ಪ ಉಣ್ಣೆ ಹಾಕುತ್ತಿದ್ದುದು ಸೋಲಾಪುರದ ಒಬ್ಬ ಕಂಬಳಿ ಸಾವಕಾರರಿಗೆ. ಒಳ್ಳೆಯ ಮನುಷ್ಯ, ಮಾತಿನ ಮಲ್ಲ. ಒಂದು ಸಲ ಅವರು ಅಪ್ಪನಿಗೆ, "ಹುಡುಗಿ ಚುರುಕದಾಳ. ಕುರಿ ಹಿಂದ ತಿರಗಿಸಿ ಏನ್ ಮಾಡ್ತಿ? ನಮ್ಮಲ್ಲಿ ಬಿಡು. ಕನ್ನಡ ಸಾಲಿ ಮನಿ ಹಂತೇಕ ಐತಿ" ಅಂದರು. ಅಪ್ಪ ಹೂಂ ಅಂದ. ಅವ್ವನನ್ನು ಕೇಳಲಿಲ್ಲ. ನಮ್ಮಲ್ಲಿ ಹೆಂಗಸರನ್ನು ಯಾರು ಕೇಳುತ್ತಿದ್ದರು?

ದೀಪಾವಳಿ ಮುಗಿದು ಬಿಟ್ಟು ಹೋಗುವ ದಿನ ಅವ್ವ ನನ್ನನ್ನು ಸಾವಕಾರರ ಹಿತ್ತಲಲ್ಲಿ ಕೂರಿಸಿಕೊಂಡು ತಲೆ ಬಾಚಿದಳು. ಕತ್ತಿನ ಹಿಂದೆ ಹೆಡಕಿನ ಹತ್ತಿರ ಏನೋ ತಣ್ಣಗೆ ತಾಕಿತು. ಉಣ್ಣೆ ಕತ್ತರಿಸುವ ಕತ್ತರಿ. ಒಂದು ಗೊಂಚಲು ಕೂದಲು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಯಾಕಬೇ ಯವ್ವಾ?" ಅಂದೆ.

"ಸುಮ್ನ ಕುಂದ್ರು. ಬೈತಲಿ ಸೊಟ್ಟ ಆಗ್ತೈತಿ" ಅಂದಳು. ಬಾಚಿ ಮುಗಿಸಿ ಎದ್ದವಳು ಹಿತ್ತಲ ಬಾಗಿಲು ದಾಟಿ ಓಣಿಯಲ್ಲಿ ನೆಟ್ಟಗೆ ನಡೆದುಬಿಟ್ಟಳು. ತಿರುಗಿ ನೋಡಲಿಲ್ಲ.

ಸಾವಕಾರರ ಮನೆಯಲ್ಲಿ ನನ್ನನ್ನು ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಸುಳ್ಳು ಯಾಕೆ ಹೇಳಲಿ? ಹೊಟ್ಟೆ ತುಂಬ ಊಟ, ಮೈತುಂಬ ಬಟ್ಟೆ, ಓಣಿಯ ಹುಡುಗಿಯರ ಜೊತೆ ಗಜಗದ ಆಟ. ಬೆಳಿಗ್ಗೆ ಅಂಗಳ ಗುಡಿಸುವುದು, ಸಾಲಿ ಬಿಟ್ಟ ಮೇಲೆ ಉಣ್ಣೆಯೊಳಗಿನ ಮುಳ್ಳು ಆರಿಸುವುದು, ಇಷ್ಟೇ ಕೆಲಸ. ಉಣ್ಣೆಯ ಮೂಟೆ ಬಿಚ್ಚಿದಾಗಲೆಲ್ಲ ನಮ್ಮ ಹಟ್ಟಿಯ ವಾಸನೆ ಗಪ್ಪೆಂದು ಬರುತ್ತಿತ್ತು. ನಾನು ಮುಖವನ್ನೇ ಅದರೊಳಗೆ ಹುದುಗಿಸಿಬಿಡುತ್ತಿದ್ದೆ. ಅನ್ನ ಹಾಕಿದವರ ಮನೆಯಲ್ಲಿ ಕೂತು ದುಃಖ ಪಡುವುದೂ ಒಂದು ಪಾಪವೇನೋ ಅನ್ನಿಸಿ ಇನ್ನಷ್ಟು ದುಃಖವಾಗುತ್ತಿತ್ತು.

ನನ್ನ ಜೊತೆ ಮುಳ್ಳು ಆರಿಸಲು ಕೂರುತ್ತಿದ್ದವಳು ಸಾವಕಾರರ ಸೊಸೆ ಸುಮಿತ್ರಾ. ಅತ್ತಿಗೆ ಎನ್ನುವಂತೆ ನಾನು ವೈನಿ ಎನ್ನುತ್ತಿದ್ದೆ. ಧಾರವಾಡದ ಕಡೆಯವಳು. ಕಾಲೇಜು ಕಲಿಯುತ್ತಿದ್ದವಳನ್ನು ನಡುವೆಯೇ ಬಿಡಿಸಿ ಮದುವೆ ಮಾಡಿ ಕಳಿಸಿದ್ದರು. ತವರಿನಿಂದ ತಂದ ಟ್ರಂಕಿನ ಅಡಿಯಲ್ಲಿ ಸೀರೆಗಳ ಕೆಳಗೆ ಅವಳ ಪುಸ್ತಕಗಳಿದ್ದವು. ಅವುಗಳ ಬಗ್ಗೆ ಆ ಮನೆಯಲ್ಲಿ ಯಾರ ಹತ್ತಿರ ಮಾತಾಡಬೇಕು? ಕಡೆಗೆ ನಾನು ಸಿಕ್ಕೆ. ಕಿವಿ ಇದ್ದರಾಯಿತು ಅಂದುಕೊಂಡಿರಬೇಕು ಪಾಪ.

ಒಂದು ಮಧ್ಯಾಹ್ನ ಅವಳು ತೆಗೆದ ಪುಸ್ತಕ ಇಂಗ್ಲಿಷಿನದು. ಗುಲಾಮಗಿರಿಯಲ್ಲಿ ಹುಟ್ಟಿದ ಅಮೆರಿಕದ ಕರಿಯ ಜನ, ಹೆಂಗಸರು ಗಂಡಸರು, ತಮ್ಮ ತಮ್ಮ ಬಾಳನ್ನು ತಾವೇ ಬರೆದದ್ದನ್ನು ಕೂಡಿಸಿದ ಪುಸ್ತಕ. ವೈನಿ ಒಂದು ಸಾಲು ಓದುವಳು, ಕನ್ನಡದಲ್ಲಿ ಹೇಳುವಳು, ಮತ್ತೊಂದು ಸಾಲು ಓದುವಳು.

"ಇವರಿಗೆ ಅಕ್ಷರ ಕಲಿಯೂದ ಗುನ್ಹೆ ಆಗಿತ್ತಂತ ಮಾಳವ್ವ. ಕದ್ದು ಕಲ್ತಾರ. ಮಣ್ಣಾಗ ಗೀರಿ ಕಲ್ತಾರ. ನನಗ ನೋಡು, ಟ್ರಂಕ್ ತುಂಬ ಪುಸ್ತಕ ಅದಾವ, ಒಂದ್ ಸಾಲ ಬರ್ಯಾಕ ಆಗಿಲ್ಲ" ಅಂದಳು. ಅವಳ ಕಣ್ಣು ಮಿಂಚುತ್ತಿದ್ದವು. ಯಾರೋ ತನ್ನ ತವರಿನವರು ದೊಡ್ಡ ಬಹುಮಾನ ಗೆದ್ದಂತೆ ಹೇಳುತ್ತಿದ್ದಳು.

ಆಮೇಲೆ ಒಬ್ಬ ಹೆಣ್ಣುಮಗಳು ಬರೆದದ್ದು ಬಂತು. ಅವಳು ನನ್ನಷ್ಟೇ ಇದ್ದಾಗ ಅವಳನ್ನು ಮಾರಿದ್ದರಂತೆ.

"ಕುರಿ ಮಾರಿದಂಗೇನ್ರಿ ವೈನಿ?"

"ಹೂಂ ನೋಡು, ಹಂಗ. ಹಲ್ಲ ನೋಡೂದು, ರಟ್ಟಿ ಹಿಚಕಿ ನೋಡೂದು."

ನನ್ನ ಕೈಯಲ್ಲಿದ್ದ ಉಣ್ಣೆ ಹಾಗೇ ನಿಂತಿತು. ಸಾವಕಾರರು ನಾನು ಬಂದ ದಿನ ನನ್ನ ರಟ್ಟೆ ಹಿಡಿದು, "ತಿಂದ್ರ ಗಟ್ಟಿ ಆಗ್ತಾಳ" ಅಂದಿದ್ದರು.

"ಅಕಿ ಅವ್ವ ಅಕಿ ಕೂದ್ಲ ಕತ್ತರಿಸಿ ಇಟ್ಕೊಂಡಿದ್ಲೇನ್ರಿ?"

ವೈನಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಹಂಗೇನ ಬರದಿಲ್ಲ ಇಲ್ಲಿ. ಇಟ್ಕೊಂಡಿರಬೇಕು. ತಾಯಿ ಕರುಳು ಅಲ್ಲೇನು?" ಅಂದಳು.

ಅಷ್ಟೇ ಸಾಕಾಯಿತು. ಕತ್ತರಿ, ಸೆರಗಿನ ಗಂಟು, ತಿರುಗಿ ನೋಡದೆ ನಡೆದ ಅವ್ವ, ಎಲ್ಲ ಒಂದಕ್ಕೊಂದು ಹೊಂದಿ ಕೂತವು. ನನ್ನನ್ನು ಸಾಲಿಗೆ ಬಿಟ್ಟಿಲ್ಲ, ಮಾರಿದ್ದಾರೆ. ಮಾರಿದವಳು ಅವ್ವ.

ಆದರೂ ಒಂದು ಆಸೆ ಉಳಿದಿತ್ತು. ಸಾವಕಾರರು ತಕ್ಕಡಿಯ ಮುಂದೆ ಕೂತಿದ್ದಾಗ ಹೋಗಿ ಕೇಳಿದೆ, "ನನ್ನ ನಿಮಗ ಮಾರ್ಯಾರೇನ್ರಿ?"

ಅವರು ಹೊಟ್ಟೆ ಕುಲುಕಿಸಿ ನಕ್ಕರು. "ಮತ್ತ? ತೌಡ ಕೊಟ್ಟ ತಗೊಂಡೀನಿ ನಿನ್ನ. ತುಟ್ಟಿ ಆತು ಅಂತ ಈಗ ಅನಸಾಕತ್ತೈತಿ!"

ಮಕ್ಕಳನ್ನು ತೌಡಿಗೆ ತಂದೆವು ಎಂದು ಕಾಡಿಸದ ಮನೆ ನಮ್ಮ ಕಡೆ ಯಾವುದಿದೆ? ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆ ದಿನ ಅವರ ಮಾತು ಎದೆಗೆ ಬಂದು ಒದ್ದಿತು. ರಾತ್ರಿ ರೊಟ್ಟಿ ಮುಟ್ಟಲಿಲ್ಲ. ತಿರುಗಿ ನೋಡದೆ ಹೋದರೂ ಮಾರಿದ ಕುರಿ ಮೇವು ಮುಟ್ಟುವುದಿಲ್ಲ ಅನ್ನಿಸಿತು.

ಮರುದಿನ ಸಾಲಿಗೆಂದು ಹೊರಟವಳು ಬಸ್ ಸ್ಟ್ಯಾಂಡಿಗೆ ಹೋದೆ. ಅಕ್ಕಲಕೋಟದ ಬಸ್ಸಿನಲ್ಲಿ ಸ್ವಾಮಿಗಳ ದರ್ಶನಕ್ಕೆ ಹೊರಟ ಮಂದಿ ಕಿಕ್ಕಿರಿದು ತುಂಬಿದ್ದರು. ಕಂಡಕ್ಟರ್ ಮರಾಠಿಯಲ್ಲಿ ಯಾರ ಹುಡುಗಿ ಇದು ಎಂದು ಗದರಿಸಿದಾಗ, ಪಕ್ಕದಲ್ಲಿದ್ದ ಒಬ್ಬ ಮುದುಕಿ ನನ್ನ ಮುಖ ನೋಡಿ "ನಮ್ಮದ ಐತಿ ಬಿಡಪ್ಪ" ಅಂದಳು. ಯಾರೋ ಏನೋ, ಆ ಒಂದು ಮಾತಿಗೆ ನಾನು ಅವಳ ತೊಡೆಯ ಮೇಲೆ ತಲೆ ಇಟ್ಟು ಅಕ್ಕಲಕೋಟ ಬರುವವರೆಗೂ ಅತ್ತೆ. ಅಲ್ಲಿಂದ ನಾಗಣಸೂರಿಗೆ ಹೊರಟಿದ್ದ ನಮ್ಮೂರ ಚಕ್ಕಡಿ ಸಿಕ್ಕಿತು.

ಏನೆಂದುಕೊಂಡು ಹೋದೆನೋ! ಅವರು ಹೊಳೆ ದಾಟಿ ಹೋಗಿದ್ದಾರೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ನಾನು ಹೋಗಿ ನಿಂತರೆ ಅವ್ವ ಒಳಗಿಂದ ಬರುತ್ತಾಳೆ ಎಂದೇ ಕಾಲು ಓಡುತ್ತಿತ್ತು. ಮನೆಗೆ ಕೀಲಿ ಬಿದ್ದಿತ್ತು. ಹಟ್ಟಿಯ ಮುಂದೆ ಜಾಲಿ ಮುಳ್ಳು ಎಳೆದಿದ್ದರು. ಒಳಗೆ ಒಣಗಿದ ಹಿಕ್ಕೆ, ಮುರಿದ ಒಂದು ಗೂಟ. "ಯವ್ವಾ" ಎಂದು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಪಕ್ಕದ ಮನೆಯ ನಿಂಗವ್ವ ಕಾಕಿ ಓಡಿ ಬಂದು, "ಯಾರೂ ಇಲ್ಲ ನನ್ನವ್ವ, ಮಳಿಗಾಲಕ್ಕ ಬರ್ತಾರ" ಎಂದು ಎಳೆದುಕೊಂಡು ಹೋದಳು. ಆ ಹೊತ್ತಿನ ಹತಾಶೆ ನನ್ನ ಆಯುಷ್ಯದಲ್ಲಿ ಮತ್ತೆ ಬರಲಿಲ್ಲ. ಮಾರಿದವರೂ ಇಲ್ಲ, ಯಾಕೆಂದು ಕೇಳಲು ತೆರೆದ ಬಾಗಿಲೂ ಇಲ್ಲ.

ಮಾರನೆಯ ದಿನ ವೈನಿಯೇ ಹುಡುಕಿಕೊಂಡು ಬಂದಳು. ಗಂಡನನ್ನೂ ಕರೆದುಕೊಳ್ಳದೆ ಬಸ್ಸು ಹತ್ತಿ ಬಂದಿದ್ದಳು. ಅದಕ್ಕೆ ಮನೆಯಲ್ಲಿ ಎಷ್ಟು ಅನ್ನಿಸಿಕೊಂಡಳೋ. ನನ್ನನ್ನು ಕಂಡವಳು ಹಟ್ಟಿಯ ಮುಂದೆ ನೆಲದ ಮೇಲೇ ನನ್ನೆದುರು ಕೂತಳು.

"ಯಾಕ ಓಡಿ ಬಂದಿ ಮಾಳವ್ವ? ಯಾರರ ಏನರ ಅಂದ್ರೇನು?"

"ನನ್ನ ಮಾರ್ಯಾರ. ನಮ್ಮವ್ವ ನನ್ನ ಕೂದ್ಲ ತಗೊಂಡು ಹೋಗ್ಯಾಳ" ಎಂದು ಎಲ್ಲ ಹೇಳಿದೆ. ವೈನಿ ಬಾಯಿಗೆ ಸೆರಗು ಒತ್ತಿ ಅತ್ತಳು. ನಿನ್ನನ್ನು ಯಾರೂ ಮಾರಿಲ್ಲ ಎಂದು ಎಷ್ಟು ಸಲ ಹೇಳಿದರೂ ನಾನು ನಂಬಲಿಲ್ಲ. ಕಡೆಗೆ ಅವಳು ಕಣ್ಣೊರೆಸಿಕೊಂಡು ಹೇಳಿದಳು, "ಹೋಗ್ಲಿ, ನಂಬಬ್ಯಾಡ. ಆ ಪುಸ್ತಕದಾಕಿ ಏನ್ ಮಾಡಿದ್ಲು? ಅಕ್ಷರ ಕಲ್ತ್ಲು. ತನಗ ಆದದ್ದೆಲ್ಲ ತಾನ ಬರದ್ಲು. ನೀನೂ ಕಲಿ. ನಿಮ್ಮವ್ವ ಬಂದಾಗ ನೆಟ್ಟಗ ನಿಂತು ಕೇಳು."

ಆ ಮಾತು ಹಿಡಿದುಕೊಂಡು ತಿರುಗಿ ಸೋಲಾಪುರಕ್ಕೆ ಹೋದೆ. ಹಟ ಹಿಡಿದು ಕಲಿತೆ. ಕನ್ನಡ ಸಾಲದೆ ಇಂಗ್ಲಿಷಿನ ಅಕ್ಷರಗಳನ್ನೂ ವೈನಿಯ ಕೈಯಲ್ಲಿ ತಿದ್ದಿಸಿಕೊಂಡೆ. ಆ ಪುಸ್ತಕದ ಪುಟಗಳ ಮೇಲೆ ಬೆರಳಿಟ್ಟು, ಎಲ್ಲಿದೆ 'ಅವ್ವ' ಎನ್ನುವ ಶಬ್ದ ಎಂದು ಕೇಳುತ್ತಿದ್ದೆ. ಅದು ಎಲ್ಲ ಕಡೆಯೂ ಇತ್ತು. ಒಬ್ಬನಿಗೆ ಅವ್ವನ ಮುಖವೇ ನೆನಪಿರಲಿಲ್ಲ, ಆದರೂ ಬರೆದಿದ್ದ. ಇನ್ನೊಬ್ಬಳು ಅವ್ವನ ಕೈಯಡಿಗೆಯ ಬಗ್ಗೆ ಬರೆದು ಹಸಿವೆ ತೀರಿಸಿಕೊಂಡಿದ್ದಳು. ಇವರೆಲ್ಲ ನನ್ನವರು ಅನ್ನಿಸಿತು. ಸಿಟ್ಟು ಬಂದರೂ, ಅಳು ಬಂದರೂ ಅವರ ಜೊತೆಗೇ ಕೂರತೊಡಗಿದೆ.

ಮಳೆ ಬಿತ್ತು. ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು. ಬಿಸಿಲಿಗೆ ಸುಟ್ಟು ಕಪ್ಪಾಗಿದ್ದಳು. ಕೈಯಲ್ಲಿ ಗಿಣ್ಣಿನ ಡಬ್ಬಿ. ನಾನು ಓಡಿ ಹೋಗಿ ತಬ್ಬಿಕೊಳ್ಳಲಿಲ್ಲ. ಪುಸ್ತಕ ಮಡಚಿ ನಿಂತೆ.

"ನನ್ನ ಯಾಕ ಮಾರಿದಿ?"

ಅವ್ವನಿಗೆ ಮೊದಲು ತಿಳಿಯಲೇ ಇಲ್ಲ. ಕೂದಲಿನ ಮಾತು ಎತ್ತಿದಾಗ ತಿಳಿಯಿತು. "ಅದನ್ನ ಬೀರೋಬಾನ ಮುಂದ ಇಟ್ಟೀನವ್ವ. ಹಿಂಡಿನಾಗಿಂದ ಹೋದದ್ದು ಹಿಂಡಿಗೇ ಬರ್ಲಿ ಅಂತ ಬೇಡ್ಕೊಂಡೀನಿ. ತಿರಗಿ ನೋಡಿದ್ರ ಬಿಟ್ಟ ಹೋಗೂದ ಆಗ್ತಿದ್ದಿಲ್ಲ. ನಡಿ, ಸಾಲಿ ಸಾಕು. ಮನಿಗಿ ಹೋಗೂಣು."

ಚಳಿಗಾಲವಿಡೀ ನಾನು ಕಾದದ್ದು ಈ ಮಾತಿಗೇ. ಆದರೆ ನನ್ನ ಬಾಯಿಂದ ಬಂದದ್ದು, "ನಾ ಒಲ್ಲೆ. ನನ್ನ ಸಾಲಿ ಐತಿ."

ಅವ್ವ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು. "ಮಾರಿದ ಕುರಿ ಆಗಿದ್ರ ರೊಕ್ಕ ಕೊಟ್ಟ ತಿರಗಿ ತರತಿದ್ದೆ. ನಿನ್ನ ಹೆಂಗ ತರ್ಲಿ?" ಅಂದಳು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋದಳು.

ಈಗ ಗಿರಣಿಗಳು ಮುಚ್ಚಿವೆ. ಸಾವಕಾರರ ಅಂಗಡಿ ಇದ್ದಲ್ಲಿ ಮೊಬೈಲ್ ಮಾರುತ್ತಾರೆ. ವೈನಿ ತನ್ನ ಪುಸ್ತಕಗಳನ್ನೆಲ್ಲ ನನಗೆ ಕೊಟ್ಟು ಹೋದಳು, ತಾನು ಮಾತ್ರ ಒಂದು ಸಾಲೂ ಬರೆಯದೆ. ನಾನು ಕಾಲೇಜಿನಲ್ಲಿ ಇಡೀ ಆಯುಷ್ಯ ಆ ಕರಿಯ ಲೇಖಕರ ಪಾಠ ಮಾಡಿದೆ. ಓದುವುದೇ ಗುನ್ಹೆಯಾಗಿದ್ದ ಜನ ನಮಗೆಲ್ಲ ನಮ್ಮ ಬಾಳನ್ನು ಓದಲು ಕಲಿಸಿದರು. ನಮ್ಮ ಭಾಗದ ಮರಾಠಿಯಲ್ಲೂ ಊರ ಹೊರಗಿಟ್ಟಿದ್ದ ದಲಿತ ಮನೆಗಳ ಹುಡುಗರು ಆ ದಿನಗಳಲ್ಲೇ ತಮ್ಮ ಕಥೆ ಬರೆಯತೊಡಗಿದ್ದರು. ಕೆಲವರು ಆ ಲೇಖಕರ ಹೆಸರನ್ನು ಮನೆಯ ಹಿರಿಯಣ್ಣನ ಹೆಸರು ಹೇಳಿದಂತೆ ಹೇಳುತ್ತಿದ್ದರು. ಆ ಋಣ ನಾನು ತೀರಿಸಲಾರೆ.

ಆದರೆ ಆ ಕರಿಯ ಜನರನ್ನು ಅವ್ವನಿಂದ ಕಿತ್ತುಕೊಂಡು ಹೋಗಿದ್ದರು. ಅವರು ಒಂದೊಂದೇ ಅಕ್ಷರ ಹಿಡಿದು ಅವ್ವನ ಕಡೆಗೆ ನಡೆದರು. ನಾನು ಅದೇ ಅಕ್ಷರ ಹಿಡಿದು ಇನ್ನೊಂದು ದಿಕ್ಕಿಗೆ ನಡೆದೆ. ಆಮೇಲೆ ರಜೆಗೆ ಊರಿಗೆ ಹೋದಾಗಲೆಲ್ಲ ಅವ್ವ ಮಾಸ್ತರರು ಬಂದ ಹಾಗೆ ಎದ್ದು ನಿಂತು, ಹೊಸ ಕಂಬಳಿ ಕೊಡವಿ ಹಾಸಿ, "ಬರ್ರಿ, ಕುಂದರ್ರಿ" ಅನ್ನುತ್ತಿದ್ದಳು. ಸಾಯುವವರೆಗೂ ಹಾಗೇ ಅಂದಳು.